ಎಲ್ಲಿ ಕಟ್ಟಿದೆ, ತಾಯಿ?

ಬೆಳಗಿನ ಹೊತ್ತು. ಆಪರೇಷನ್ ಥಿಯೇಟರಿನ ಹೊರಗೆ ಪುಟ್ಟ ಹುಡುಗನೊಬ್ಬ ಅಮ್ಮನ ಹೆಗಲಿಗೆ ಮುಖವೊತ್ತಿ ಮಲಗಿದ್ದಾನೆ. ಹರ್ನಿಯಾ ಆಪರೇಷನ್‌ಗೆ ಇನ್ನೇನು ಅರಿವಳಿಕೆ ಕೊಡಬೇಕು. ಸ್ಪ್ಯಾನಿಷ್ ಬಿಟ್ಟು ಬೇರೇನೂ ಬಾರದ ತಾಯಿ “ಕೊನ್ಸ್ತಿಪಾದೊ, ಕೊನ್ಸ್ತಿಪಾದೊ” ಎಂದು ಗೋಗರೆಯುತ್ತಿದ್ದಾಳೆ.

“ಮಲಬದ್ಧತೆ ಅಂತಿದ್ದಾರೆ, ಆಮೇಲೆ ನೋಡೋಣ” ಎನ್ನುತ್ತಾಳೆ ನರ್ಸ್. ಹಿಂದಿನ ದಿನದ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಆದರೂ ಅರಿವಳಿಕೆ ವೈದ್ಯರಿಗೇಕೋ ಸಮಾಧಾನವಿಲ್ಲ. “ಒಂದ್ನಿಮಿಷ, ಅಕ್ಕನ್ನ ಕರೀರಿ.”

ಅಕ್ಕ ಎಂದರೆ ಆಸ್ಪತ್ರೆಯ ದುಭಾಷಿ. ಮನೆಮಾತು ಫ್ರೆಂಚ್. ಹಡಗುಕಟ್ಟೆಯಲ್ಲಿ ಟಿಕೆಟ್ ಹರಿದು ಕೊಡುತ್ತಲೇ ಪ್ರಯಾಣಿಕರ ಬಾಯಿಂದ ಸ್ಪ್ಯಾನಿಷ್ ಕಲಿತವರು. ಹಡಗು ಸಂಚಾರವೇ ನಿಂತುಹೋದ ಮೇಲೆ ಈ ಕೆಲಸ ಹಿಡಿದರು. ಕೂರಲು ಕುರ್ಚಿಯಿಲ್ಲ. ಮಂಚದಿಂದ ಮಂಚಕ್ಕೆ ಓಡಾಡಿ ಸಂಜೆಗೆ ಕಾಲು ಬಾತಿರುತ್ತದೆ.

ಫ್ರೆಂಚಿನಲ್ಲಿ ಕೊನ್ಸ್ತಿಪಾದೊ ಥರದ ಪದ ಹೊಟ್ಟೆಗೇ ಸೇರಿದ್ದು, ಅಂದರೆ ಮಲಬದ್ಧತೆ. ಅಕ್ಕನ ನಾಲಿಗೆಗೂ ಮೊದಲು ಬರುವುದು ಅದೇ ಅರ್ಥ. ಆದರೆ ತಾಯಿಯ ಮುಖ ನೋಡಿ, ಅದನ್ನು ತಡೆದು ಸ್ಪ್ಯಾನಿಷಿನಲ್ಲಿ ಕೇಳುತ್ತಾರೆ:

“ಎಲ್ಲಿ ಕಟ್ಟಿದೆ, ತಾಯಿ? ಕೈಯಿಟ್ಟು ತೋರ್ಸಿ.”

ತಾಯಿ ಮಗನ ಮೂಗು ಮುಟ್ಟುತ್ತಾಳೆ, ಆಮೇಲೆ ಎದೆ. “ರಾತ್ರಿಯೆಲ್ಲ ಉಸಿರಿಗೆ ಒದ್ದಾಡಿದ್ದಾನೆ. ಬಾಯಿ ಬಡ್ಕೊಂಡ್ರೂ ಯಾರೂ ಕೇಳ್ತಿಲ್ಲ.”

ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರೆ. ಒಳಗೆ ಕಫ ಗೊರಗೊರ ಎನ್ನುತ್ತಿದೆ. “ಸದ್ಯ, ಬಚಾವಾದ್ವಿ! ಈ ಎದೆ ಇಟ್ಕೊಂಡು ಅರಿವಳಿಕೆ ಕೊಟ್ಟಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು. ನೆಗಡಿ ಪೂರ್ತಿ ಹೋಗ್ಲಿ, ಆಮೇಲೆ ಬನ್ನಿ.” ಅಕ್ಕ ಅದನ್ನು ತಿಳಿಸಿದ್ದೇ ತಡ, ತಾಯಿ ಮಗನನ್ನು ತಬ್ಬಿಕೊಂಡು, ಅಳುತ್ತಲೇ ನಗುತ್ತಾಳೆ.

ಲ್ಯಾಟಿನ್ನಿನಲ್ಲಿ ಆ ಪದದ ಮೂಲಕ್ಕೆ ಒತ್ತಿ ತುರುಕುವುದು ಎಂದರ್ಥ. ಫ್ರೆಂಚ್, ಇಂಗ್ಲಿಷಿನಲ್ಲಿ ಅದು ಹೊಟ್ಟೆಗಿಳಿಯಿತು. ಸ್ಪ್ಯಾನಿಷ್, ಪೋರ್ಚುಗೀಸಿನಲ್ಲಿ ಮೂಗಿಗೇರಿ ನೆಗಡಿಯಾಯಿತು. “ಒಂದೇ ತಾಯಿ ಮಕ್ಕಳು. ಒಬ್ಬ ಮೇಲಿನ ಮನೇಲಿದ್ದಾನೆ, ಇನ್ನೊಬ್ಬ ಕೆಳಗಿನ ಮನೇಲಿ” ಎಂದು ಅಕ್ಕ ನಗುತ್ತಾರೆ.

ನೆಗಡಿ ಇಳಿದ ಮೇಲೆ ಆಪರೇಷನ್ ಸಲೀಸಾಗಿ ಮುಗಿಯುತ್ತದೆ. ಮನೆಗೆ ಹೊರಟ ದಿನ ತಾಯಿ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಾಳೆ: “ಡಾಕ್ಟರಿಗೆ ನಾನೇ ಹೇಳ್ದೆ ಕಣೇ. ತಕ್ಷಣ ಅರ್ಥ ಮಾಡ್ಕೊಂಡ್ರು!”

ಪಕ್ಕದಲ್ಲೇ ಅವರ ಚೀಲ ಹಿಡಿದು ನಿಂತ ಅಕ್ಕ ತಿದ್ದಲು ಹೋಗುವುದಿಲ್ಲ.

“ಮಧ್ಯೆ ನಾನೊಬ್ಳು ಇದ್ದೆ ಅನ್ನೋದೇ ಅವ್ರಿಗೆ ಮರ್ತುಹೋಗಿದೆ, ನೋಡಿ” ಎನ್ನುತ್ತಾರೆ ಆಮೇಲೆ ನರ್ಸಿಗೆ. “ಅಂದ್ರೆ ಕೆಲ್ಸ ಚೆನ್ನಾಗಾಗಿದೆ ಅಂತ.”