ಎಲ್ಲಕ್ಕೂ ಅರ್ಥ ಒಂದೇ

ಮೊನ್ನೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಬ್ಯಾಡಗಿ ಮೆಣಸಿನಕಾಯಿಯ ಚೀಲ ಬಿಚ್ಚಿ ಎಲ್ಲರಿಗೂ ಹಂಚತೊಡಗಿದರು. ಆ ವಾಸನೆ ಬಂದದ್ದೇ ತಡ, ಊರಲ್ಲಿ ನಮ್ಮ ಮಗ್ಗುಲ ಮನೆಯಲ್ಲಿದ್ದ ಅಕ್ಕ ಕಣ್ಣ ಮುಂದೆ ಬಂದಳು. ಸೀನು ಬರುತ್ತದೆ ಎಂದು ನೆಪ ಹೇಳಿ ನಾನು ಬೇಡವೆಂದೆ. ಬ್ಯಾಡಗಿಯಲ್ಲಿ ಹುಟ್ಟಿದವಳಿಗೆ ಮೆಣಸಿನಕಾಯಿಯ ಸೀನು... ಯಾರೂ ನಂಬಲಿಲ್ಲ.

ಅಕ್ಕ ಗಂಡ ತೀರಿಕೊಂಡ ಮೇಲೆ ಸಣ್ಣ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಿದ್ದಳು. ನನ್ನ ಹಾಗೆಯೇ ಬಿ.ಎಡ್. ಮುಗಿಸಿದ್ದಳು. ಅಣ್ಣ ಒಳ್ಳೆಯವನೇ, ಅವನ ಹೆಂಡತಿ ವೈನಿಯೂ ಕೆಟ್ಟವಳಲ್ಲ. ಆದರೂ ಮಗಳು ಇನ್ನೊಂದು ರೊಟ್ಟಿ ಕೇಳಿದರೆ ಅಕ್ಕ ಮೊದಲು ವೈನಿಯ ಮುಖ ನೋಡುತ್ತಿದ್ದಳು. ಹಾವೇರಿಯ ಖಾಸಗಿ ಶಾಲೆಯೊಂದಕ್ಕೆ ಇಂಗ್ಲಿಷ್ ಟೀಚರ್ ಬೇಕೆಂದು ತಿಳಿದು ಇಬ್ಬರೂ ಅರ್ಜಿ ಹಾಕಿದೆವು. ಹುದ್ದೆ ಒಂದೇ. "ನನಗ ಸಿಕ್ಕರ ಹಾವೇರ್ಯಾಗ ಒಂದು ಖೋಲಿ ಹಿಡೀತೇನಿ. ಮಗಳು ಹೊಟ್ಟಿತುಂಬ ಉಣ್ಣಲಿ" ಅನ್ನುತ್ತಿದ್ದಳು.

ನಮ್ಮ ಇಂಗ್ಲಿಷೆಲ್ಲ ರಾಣೇಬೆನ್ನೂರಿನಿಂದ ತಂದ ಒಂದು ಗೈಡಿನದು. ಸಾದಾ ಮಾತಾಡಿದರೆ ಬೆಲೆಯಿಲ್ಲ, ಪ್ರತಿ ಶಬ್ದಕ್ಕೂ ಸಮಾನಾರ್ಥಕ ಕಲಿಯಿರಿ ಎಂದು ಅದು ಬೋಧಿಸಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದೆವು. ಬಿಗ್ ಅಂದರೆ ಲಾರ್ಜ್, ಹ್ಯೂಜ್. ಸ್ಮೆಲ್ ಅಂದರೆ ಸೆಂಟ್, ಅರೋಮಾ, ಸ್ಟೆಂಚ್.

"ಅರ್ಥ ಎಲ್ಲಾ ಒಂದ ಅಲ್ಲೇನು?" ಎಂದು ಅಕ್ಕ ಕೇಳಿದಳು.

"ಒಂದ" ಎಂದೆ. ಮಲ್ಲಿಗೆಗೂ ಗಟಾರಕ್ಕೂ ವಾಸನೆ ಎಂಬ ಒಂದೇ ಮಾತು ಸಾಕಾಗುವ ನಮಗೆ ಅನುಮಾನ ಬರುವುದಾದರೂ ಹೇಗೆ? ನಿಮ್ಮ ಊರಿನ ಬಗ್ಗೆ ಹೇಳಿ ಎಂದು ಕೇಳಿಯೇ ಕೇಳುತ್ತಾರೆಂದು ಉತ್ತರವನ್ನೂ ಕೂಡಿಯೇ ಕಟ್ಟಿದೆವು. ಅರೋಮಾ ಎಲ್ಲರೂ ಅನ್ನುತ್ತಾರೆ, ನಾವು ಸ್ಟೆಂಚ್ ಅನ್ನೋಣ ಎಂದವರು ಯಾರು... ನೆನಪಿಲ್ಲ. ನೆನಪಿಲ್ಲದಿರುವುದು ನನಗೇ ಅನುಕೂಲ.

ಸಂದರ್ಶನದಲ್ಲಿ ಅಕ್ಕನ ಸರದಿ ಮೊದಲು. ನಾನು ಬಾಗಿಲ ಹೊರಗೆ ಬೆಂಚಿನ ಮೇಲಿದ್ದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಸ್ಟೆಂಚ್ ದೇಶಕ್ಕೆಲ್ಲ ಪ್ರಸಿದ್ಧ ಎಂದು ಅವಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದ್ದು ಕೇಳಿಸಿತು.

"ಮೇಡಂ, ಸ್ಟೆಂಚ್ ಅಂದ್ರ ಗಬ್ಬುನಾತ ರೀ" ಎಂದರು ಯಾರೋ. ಎಲ್ಲರೂ ನಕ್ಕರು. ಅಕ್ಕ ಹೊರಗೆ ಬಂದಳು. ಮುಖ ಕೆಂಪಾಗಿತ್ತು. ನನ್ನ ಹತ್ತಿರ ಬಗ್ಗಿ, "ನೀ ಅರೋಮಾ ಅನ್ನವಾ" ಎಂದಷ್ಟೇ ಹೇಳಿ ಹೋದಳು.

ನಾನು ಒಳಗೆ ಹೋಗಿ ಅದನ್ನೇ ಅಂದೆ. ನೌಕರಿ ನನಗಾಯಿತು.

ಅಕ್ಕ ಮತ್ತೆಲ್ಲೂ ಅರ್ಜಿ ಹಾಕಲಿಲ್ಲ. ಅಣ್ಣನ ಮನೆಯಲ್ಲೇ ಉಳಿದು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋದಳು. ನಾನು ಹಾವೇರಿಯಲ್ಲಿ ಮನೆ ಮಾಡಿದೆ. ಊರಿಗೆ ಹೋದಾಗಲೆಲ್ಲ ಅವಳ ಕಣ್ಣು ತಪ್ಪಿಸಿ ಹಿಂದಿನ ಓಣಿಯಿಂದ ಬರುತ್ತಿದ್ದೆ. ಅವಳು ಎಂದೂ ಏನೂ ಅನ್ನಲಿಲ್ಲ, ನನಗೆ ಅದೇ ಕಷ್ಟವಾಗಿತ್ತು. ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು... ಮಣ್ಣಿಗೂ ಹೋಗಲಿಲ್ಲ.

ಮೊನ್ನೆ ಅದೇ ಸಂಜೆ, ಕುಪ್ಪೇಲೂರಿಗೆ ಮದುವೆಯಾಗಿ ಹೋಗಿರುವ ಅವಳ ಮಗಳಿಗೆ ಫೋನ್ ಮಾಡಿದೆ. ಧ್ವನಿ ತಾಯಿಯದೇ. ನಿಮ್ಮವ್ವ ಛಲೋ ಟೀಚರ್ ಆಗತಿದ್ಲು ಎಂದೆ.

"ಗೊತ್ತೈತ್ರಿ ಚಿಗವ್ವ. ಆ ನೌಕರಿ ಅವ್ವಗ ಸಿಕ್ಕಿತ್ತಂತ. ನಿಮಗ ಭಾಳ ಜರೂರ್ ಐತಿ ಅಂತ ತಾನ ಬ್ಯಾಡಂದು ಬಂದ್ಲಂತ. ಖರೇ ಏನ್ರಿ?"

"ಹೌದವಾ, ಖರೇ" ಎಂದೆ.

ಆ ನೌಕರಿ ಅಕ್ಕನಿಗೆ ಎಷ್ಟು ಜರೂರಿತ್ತೆಂದು ಬಲ್ಲವಳು ಈಗ ನಾನೊಬ್ಬಳೇ.