ಹೆಣದ ಗಾಡಿ ಡ್ರೈವರ ನೋಟದ ಅಳತೆ

ಮಹಡಿ ಮನೆಗೆ ಯಾರೋ ಬಂದಿದ್ದಾರೆ ಎಂದು ಹೊಲಿಗೆಯಮ್ಮನಿಗೆ ಮೊದಲು ಹೇಳಿದ್ದು ಅವಳ ಗುಂಡುಸೂಜಿ ಡಬ್ಬಿ. ಮೇಜಿನ ಮೇಲೆ ತನ್ನ ಪಾಡಿಗೆ ತಾನಿದ್ದ ಡಬ್ಬಿ ಇದ್ದಕ್ಕಿದ್ದಂತೆ ಗಿಲಿಗಿಲಿ ಅನ್ನತೊಡಗಿತು. ಹಿಂದೆಯೇ ತಲೆಯ ಮೇಲಿಂದ ಕಾರು ಗುರುಗುಟ್ಟುವ ಸದ್ದು. ನಡುನಡುವೆ ಗಂಡಸೊಬ್ಬರ ದನಿ: "ಹೋಗಿ ಸ್ವಾಮಿ, ಹೋಗಿ. ನೀವೇ ಮೊದಲು ಹೋಗಿ."

ಪಕ್ಕದಲ್ಲಿ ಕೂತು ಕಾಜಾ ಹಾಕುತ್ತಿದ್ದ ನಾದಿನಿ ತಲೆಯೆತ್ತಿದಳು. ಅಣ್ಣ ತೀರಿಹೋದ ಮೇಲೂ ಅತ್ತಿಗೆಯನ್ನು ಬಿಟ್ಟು ಹೋಗದೆ, ಅತ್ತಿಗೆಯ ತಪ್ಪು ಹುಡುಕುವುದನ್ನೂ ಬಿಡದೆ ಜೊತೆಗಿದ್ದವಳು ಅವಳು.

"ಅತ್ತಿಗೆ, ಯಾರೋ ಮಹಡಿ ಮೇಲೆ ಕಾರು ಹತ್ತಿಸಿದ್ದಾರೆ."

"ಆ ಮೆಟ್ಟಿಲು ನನ್ನ ಮಂಡಿಗೇ ಹತ್ತಕ್ಕಾಗಲ್ಲ, ಕಾರು ಹೇಗೆ ಹತ್ತತ್ತೆ?"

"ಹಾಗಾದ್ರೆ ಹೋಗಿ ನೋಡ್ಕೊಂಡು ಬನ್ನಿ. ಹೇಗೂ ಹೋಗದೆ ಇರೋರಲ್ಲ ನೀವು."

ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆಯುವ ನೆನಪೂ ಇಲ್ಲದೆ ಹೊಲಿಗೆಯಮ್ಮ ಮೇಲೆ ಹೋದಳು. ಬಾಗಿಲು ತೆರೆದೇ ಇತ್ತು. ಒಂದು ಕಬ್ಬಿಣದ ಮಂಚ, ಹಿಂದಿನ ಗೋಡೆಗೆ ಒಂದು ಕ್ಯಾಲೆಂಡರು, ಒಂದು ನೀರಿನ ಫಿಲ್ಟರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಕಂಪ್ಯೂಟರು. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದ ಸ್ಟೇರಿಂಗು, ಕೆಳಗೆ ಪೆಡಲುಗಳು, ಅವು ಜಾರದಿರಲಿ ಎಂದು ಹಿಂದೆ ಎರಡು ಇಟ್ಟಿಗೆ. ಕುರ್ಚಿಯಲ್ಲಿ ಉದ್ದನೆಯ ಸಣಕಲು ಮನುಷ್ಯ. ಕತ್ತಿನವರೆಗೂ ಗುಂಡಿ ಹಾಕಿದ ಬಿಳಿ ಅಂಗಿ, ಮುಖದ ಮೇಲೆ ಊರ ದುಃಖವನ್ನೆಲ್ಲ ಹೊತ್ತ ಗಾಂಭೀರ್ಯ. ಪರದೆಯ ಮೇಲೆ ಕಾರುಗಳು ಒಂದರ ಹಿಂದೊಂದು ಅವರನ್ನು ದಾಟಿ ಹೋಗುತ್ತಿದ್ದವು.

ಜಗಳಕ್ಕೆಂದು ಹೋದವಳು ಬಾಯಿ ತೆರೆಯುವ ಮೊದಲೇ ಅವರು ಅವಳ ಕೊರಳು ನೋಡಿ ಎದ್ದು ನಿಂತರು.

"ಅಕ್ಕಾ, ದೇವರು ಕಳಿಸಿದ ಹಾಗೆ ಬಂದ್ರಿ. ನನ್ನ ಕಣ್ಣಿಂದ ಈ ಗಾಜಿಗೆ ಎಷ್ಟು ದೂರ ಅಂತ ಸ್ವಲ್ಪ ಅಳೀತೀರಾ?"

ಅಳತೆ ಕೇಳಿದ ಮೇಲೆ ಇಲ್ಲ ಅನ್ನುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಟೇಪು ಹಿಡಿಯುತ್ತಲೇ ಅವರ ಕಥೆ ಕೇಳಿಸಿಕೊಂಡಳು. ಅವರು ಕೆಲಸ ಮಾಡಿದಷ್ಟು ಕಾಲವೂ ಹೆಣದ ಗಾಡಿ ಓಡಿಸಿದವರು. ಮುಂದೆ ಅವರ ಗಾಡಿ, ಹಿಂದೆ ಮನೆಯವರ ಕಾರುಗಳು. ನಡಿಗೆಗಿಂತ ಒಂಚೂರು ಜೋರು, ಅಷ್ಟೇ. ಹಿಂದಿನವರು ಯಾರೂ ತಪ್ಪಿಸಿಕೊಳ್ಳದಂತೆ ಕನ್ನಡಿ ನೋಡುತ್ತ ಹೋಗಬೇಕು. ಜನ್ಮದಲ್ಲಿ ಒಂದು ಸೈಕಲ್ಲನ್ನೂ ಹಿಂದೆ ಹಾಕಿದವರಲ್ಲ.

"ರಿಟೈರ್ ಆದ ದಿನ ಮಗಳು ಕೇಳಿದ್ಳು, ಅಪ್ಪಾ ಏನು ಬೇಕು ಅಂತ. ಒಂದೇ ಒಂದು ಗಾಡಿನ ಓವರ್‌ಟೇಕ್ ಮಾಡ್ಬೇಕು ಕಣಮ್ಮ ಅಂದೆ. ರೋಡಲ್ಲಿ ಬೇಡ, ಮನೇಲೇ ಮಾಡು ಅಂತ ಇದನ್ನ ಕಳಿಸಿದ್ಳು."

ಪ್ರತಿ ಭಾನುವಾರ ಬೆಳಿಗ್ಗೆ ಎಲ್ಲೆಲ್ಲಿಯವರೋ ಸೇರಿ ಈ ಆಟದಲ್ಲಿ ರೇಸು ಬಿಡುತ್ತಾರಂತೆ. ಮಾತೂ ಕೇಳಿಸುತ್ತದಂತೆ. ಅವರೆಲ್ಲ ಇವರಿಗೆ ಇಟ್ಟ ಹೆಸರು 'ಮೆರವಣಿಗೆ'. ಇವರು ಯಾವಾಗಲೂ ಕೊನೆ. ಕೊನೆಯಿಂದ ಎರಡನೆಯವರು ಒಬ್ಬ ಹಲ್ಲಿನ ಡಾಕ್ಟರು. ಆ ಡಾಕ್ಟರನ್ನು ಒಂದು ಸಲ, ಒಂದೇ ಒಂದು ಸಲ ಹಿಂದೆ ಹಾಕಿಬಿಟ್ಟರೆ ಜನ್ಮ ಸಾರ್ಥಕ.

"ಅದಕ್ಕೆ ನಿಮ್ಮ ಕಣ್ಣೇಕೆ ಅಳೀಬೇಕು?" ಎಂದಳು ಹೊಲಿಗೆಯಮ್ಮ.

ಪರದೆಯಲ್ಲಿ ರಸ್ತೆ ಎಷ್ಟು ಅಗಲ ಕಾಣಬೇಕು ಎಂದು ಆಟ ಕೇಳುತ್ತದಂತೆ. ಅದಕ್ಕೆ ಫೀಲ್ಡ್ ಆಫ್ ವ್ಯೂ ಅನ್ನುತ್ತಾರಂತೆ. ಅವರ ಬಾಯಲ್ಲಿ ಅದು 'ನೋಟ'. ಕಣ್ಣಿಂದ ಗಾಜಿಗೆ ದೂರ ಎಷ್ಟು, ಗಾಜಿನ ಅಗಲ ಎಷ್ಟು ಎಂದು ಕೊಟ್ಟರೆ ಸರಿಯಾದ ನೋಟ ಇಷ್ಟು ಡಿಗ್ರಿ ಎಂದು ಲೆಕ್ಕ ಬರುತ್ತದೆ. ನೋಟ ತಪ್ಪಿದರೆ ತಿರುವು ಎಲ್ಲಿದೆ, ಮುಂದಿನ ಕಾರು ಎಷ್ಟು ದೂರ ಇದೆ, ಯಾವುದೂ ನಂಬುವ ಹಾಗಿಲ್ಲ.

"ಬಿಗಿ ಆದ್ರೂ ಕಷ್ಟ, ಸಡಿಲ ಆದ್ರೂ ಕಷ್ಟ ಅನ್ನಿ. ಅದು ನಮ್ಮಲ್ಲೂ ಇದ್ದದ್ದೇ" ಎಂದು ಅವಳು ಟೇಪು ನೋಡಿ, "ಮೂವತ್ತೆರಡು" ಎಂದಳು.

ಲೆಕ್ಕ ಮೂವತ್ತಾರು ಡಿಗ್ರಿ ಎಂದಿತು. ಆ ಭಾನುವಾರ ಅವರಿಗೆ ಪರದೆಯಲ್ಲಿ ಕಂಡದ್ದು, ಬಾಗಿಲ ಸಂದಿಯಿಂದ ಇಣುಕಿದರೆ ಕಾಣುವಷ್ಟು ರಸ್ತೆ. ಎದುರಿನ ಕಾರಿನ ಬೆನ್ನು ಮೂಗಿಗೇ ತಾಕಿದ ಹಾಗೆ ದೊಡ್ಡದಾಗಿ ಕಂಡು, ಅದಿನ್ನೂ ಎಷ್ಟೋ ಮುಂದಿರುವಾಗಲೇ ಇವರು ಬ್ರೇಕು ಒತ್ತಿದರು. ಕೊನೆಯವರಾಗಿಯೇ ಬಂದರು.

ಮುಂದಿನ ವಾರ ಬೇಸತ್ತು ನೋಟವನ್ನು ನೂರಕ್ಕೂ ಮೇಲೆ ಎಳೆದರು. ಈಗ ಎಲ್ಲವೂ ಕಂಡಿತು. ಎರಡು ಕಡೆಯ ಕನ್ನಡಿ, ಒಳಗಿನ ಸೀಟು, ಕೈಯಲ್ಲೊಂದು ಸ್ಟೇರಿಂಗು ಇರುವಾಗ ಪರದೆಯಲ್ಲಿ ಇನ್ನೊಂದು ಸ್ಟೇರಿಂಗು. ರಸ್ತೆ ಮಾತ್ರ ದೂರದಲ್ಲಿ ದಾರದೆಳೆಯಷ್ಟು. ಪಕ್ಕದ ಮರಗಳು ಹುಚ್ಚು ಹಿಡಿದವರಂತೆ ಹಿಂದಕ್ಕೆ ಓಡುವುದನ್ನು ನೋಡಿ ಅವರ ಎದೆ ಧಸಕ್ಕೆಂದಿತು. ತಮಗೆ ಗೊತ್ತಿದ್ದ ವೇಗಕ್ಕೆ ಇಳಿದರು. ಕನ್ನಡಿಯಲ್ಲಿ, ಒಂದು ಸುತ್ತು ಹೆಚ್ಚು ಹೊಡೆದು ಹಿಂದಿನಿಂದ ಬರುತ್ತಿದ್ದ ಕಾರುಗಳು ಕಂಡದ್ದೇ ತಡ, ಇನ್ನಷ್ಟು ನಿಧಾನ ಮಾಡಿದರು. ಮತ್ತೆ ಕೊನೆ.

"ಹಿಂದೆ ಬರ್ತಿರೋರನ್ನ ಬಿಟ್ಟು ಹೋಗೋದು ಹೇಗಕ್ಕಾ? ಕಾಲೇ ಬರಲ್ಲ."

ಕೆಳಗೆ ಬಂದು ಇದನ್ನೆಲ್ಲ ಹೇಳಿದಾಗ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಸ್ತಾದ ಮೇಲೆ ಅವಳ ಮುಖ ಚೂಪಾಯಿತು.

"ಅತ್ತಿಗೆ, ಮೂವತ್ತೆರಡು ಅಂದ್ರಲ್ಲ, ಟೇಪಲ್ಲಿ ಎಷ್ಟಿತ್ತು?"

"ಮೂವತ್ತು."

"ಮತ್ತೆ?"

"ಸಡಿಲಕ್ಕೆ ಎರಡು ಬಿಡಬೇಡ್ವಾ?"

"ಅಯ್ಯೋ! ಅದು ಕಣ್ಣು ಅತ್ತಿಗೆ, ಸೊಂಟ ಅಲ್ಲ! ಒಗೆದ ಮೇಲೆ ಕುಗ್ಗತ್ತಾ?"

ಹೊಲಿಗೆಯಮ್ಮ ಕೊರಳ ಟೇಪನ್ನು ಕೈಗೆ ತೆಗೆದುಕೊಂಡು ನೋಡಿದಳು. ನಾದಿನಿ ಹೇಳುವುದು ಸರಿಯೇ. ಈ ಊರಿನಲ್ಲಿ ಒಬ್ಬರ ಅಳತೆಯನ್ನೂ ಅವಳು ಇದ್ದದ್ದು ಇದ್ದ ಹಾಗೆ ಹೇಳಿದವಳಲ್ಲ. ಕೂತರೆ ಹಿಗ್ಗುವವರು, ಊಟವಾದ ಮೇಲೆ ಉಬ್ಬುವವರು, ಎಲ್ಲರಿಗೂ ಎರಡು ಇಂಚು ದಯೆ ತೋರಿಸಿಯೇ ಅಭ್ಯಾಸ. ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು. ಅಳತೆ ಕೊಡುವಾಗ ಯಾರು ತಾನೆ ಇರುವ ಹಾಗೆ ಇರುತ್ತಾರೆ? ಟೇಪು ಕಂಡ ಕೂಡಲೇ ಡ್ರೈವರು ಉಸಿರು ಬಿಗಿಹಿಡಿದು, ಎದೆ ಸೆಟೆದು, ಹೊಸ ಅಂಗಿಗೆ ನಿಂತವರ ಹಾಗೆ ಕೂತುಬಿಟ್ಟಿದ್ದರು. ಗಾಡಿ ಓಡಿಸುವಾಗ ಅವರು ಹಾಗೆ ಕೂರುವವರೇ ಅಲ್ಲ. ತಲೆ ತಗ್ಗಿಸಿ, ಸ್ಟೇರಿಂಗಿನ ಮೇಲೆ ಬಾಗಿ, ಸತ್ತವರಿಗೆ ಮರ್ಯಾದೆ ಕೊಡುವ ಹಾಗೆ ಕೂರುವವರು.

ಮುಂದಿನ ಭಾನುವಾರ ಅವಳು ರೇಸು ಶುರುವಾದ ಮೇಲೆಯೇ ಮೇಲೆ ಹೋದಳು. ಜೊತೆಗೆ ಬಂದ ನಾದಿನಿ ಟೇಪಿನ ಆ ತುದಿಯನ್ನು ಗಾಜಿಗೆ ಒತ್ತಿ ಹಿಡಿದಳು.

"ಅಕ್ಕಾ, ಕೈ ತೆಗೀರಿ, ತಿರುವು ಬಂತು!"

"ನೀವು ತಿರುಗಿಸಿ. ನಾನು ನಿಮ್ಮ ಕಣ್ಣಿಗೇನೂ ಅಡ್ಡ ಇಲ್ಲ."

"ಹದಿನೆಂಟು!" ಎಂದು ಕೂಗಿದಳು ನಾದಿನಿ. "ನಾನು ಓದಿದ್ದು. ಅತ್ತಿಗೆ ಮಾತು ಕೇಳ್ಬೇಡಿ, ಹದಿನೆಂಟೇ."

ಆ ಹೊತ್ತಿಗೆ ಕಾರು ಹುಲ್ಲಿನಲ್ಲಿ ಮಲಗಿತ್ತು. ಆದರೂ ಡ್ರೈವರಿಗೆ ಬೇಸರವಾಗಲಿಲ್ಲ. ಹದಿನೆಂಟಕ್ಕೆ ಲೆಕ್ಕ ಅರವತ್ತು ಡಿಗ್ರಿ ಎಂದಿತು. ಹಾಕಿ ನೋಡಿದರು. ರಸ್ತೆ ರಸ್ತೆಯ ಹಾಗೇ ಕಂಡಿತು, ತಿರುವು ಇರಬೇಕಾದ ಜಾಗದಲ್ಲಿತ್ತು. ಮುಖದಲ್ಲಿ ಒಂದು ನಗು ಮೂಡಿ ಅರ್ಧಕ್ಕೇ ನಿಂತಿತು.

"ಕನ್ನಡಿ ಹೋಯ್ತಲ್ಲಕ್ಕಾ."

ನಿಜ. ಸರಿಯಾದ ನೋಟದಲ್ಲಿ ಕನ್ನಡಿಗಳಿಗೆ ಜಾಗವಿರಲಿಲ್ಲ. ಒಂದು ಗುಂಡಿ ಒತ್ತಿದರೆ ಪರದೆಯ ನೆತ್ತಿಯಲ್ಲಿ ಬೇರೆಯಾಗಿ ಒಂದು ಕನ್ನಡಿ ಬರುತ್ತದೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ಡ್ರೈವರು ಮೂಗು ಮುರಿದರು.

"ಗಾಳೀಲಿ ತೇಲೋ ಕನ್ನಡೀನ ನಂಬಿ ಯಾರಾದ್ರೂ ಗಾಡಿ ಓಡಿಸ್ತಾರಾ? ನಂಬಿಕಸ್ತರು ಯಾರಾದ್ರೂ ಬೇಕು."

ಹೀಗೆ ಹೊಲಿಗೆಯಮ್ಮ ಅವರ ಕನ್ನಡಿಯಾದಳು. ಕುರ್ಚಿಗೆ ಕುರ್ಚಿಯ ಬೆನ್ನು ತಾಗಿಸಿ, ಹಿಂದಿನ ಗೋಡೆಗೆ ಮುಖ ಮಾಡಿ ಕೂತಳು. ಎದುರಿಗೆ ಕ್ಯಾಲೆಂಡರು, ನೀರಿನ ಫಿಲ್ಟರು.

"ಹಿಂದೆ ಹೇಗಿದೆ ಅಕ್ಕಾ?"

"ಎಲ್ಲಾ ಬರ್ತಿದ್ದಾರೆ, ನೀವು ಹೋಗಿ."

"ಯಾರೂ ತಪ್ಪಿಸಿಕೊಂಡಿಲ್ಲ ತಾನೆ?"

"ಇಲ್ಲ, ಎಲ್ಲಾ ಇದ್ದಲ್ಲೇ ಇದ್ದಾರೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಫಿಲ್ಟರು ಇದ್ದಲ್ಲೇ ಇತ್ತು. ನಾದಿನಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಆದರೆ ಡ್ರೈವರ ಕಾಲು ಮೊದಲ ಬಾರಿಗೆ ಪೆಡಲನ್ನು ಕೆಳಗಿನವರೆಗೂ ಒತ್ತಿತು.

ಹಾಗೆ ವಾರಗಳು ಕಳೆದವು. ಡಾಕ್ಟರ ಕಾರಿಗೂ ಇವರ ಕಾರಿಗೂ ನಡುವಿನ ದೂರ ಕಡಿಮೆಯಾಗುತ್ತ ಬಂತು. ಒಂದು ಭಾನುವಾರ, ಕೊನೆಯ ಸುತ್ತು, ನಾದಿನಿ ಕಿರುಚಿದಳು: "ಅತ್ತಿಗೆ, ಡಾಕ್ಟ್ರು ಹುಲ್ಲಿಗೆ ಹೋದ್ರು! ದಾರಿ ಖಾಲಿ!" ಹೊಲಿಗೆಯಮ್ಮ ಗೋಡೆ ಬಿಟ್ಟು ತಿರುಗಿ ನೋಡಿದಳು.

ಡ್ರೈವರು ಕಾರು ನಿಲ್ಲಿಸಿಬಿಟ್ಟಿದ್ದರು.

"ಡಾಕ್ಟ್ರೇ, ಏನೂ ಆಗಿಲ್ಲ ತಾನೆ? ಬನ್ನಿ, ನೀವು ಮೊದಲು ಹೋಗಿ."

ಆ ಕಡೆಯಿಂದ ನಗು ಕೇಳಿಸಿತು. "ಏನೂ ಆಗಿಲ್ಲ. ಎಷ್ಟು ವಾರದಿಂದ ಬರ್ತಿದ್ದೀರಿ ಯಜಮಾನ್ರೇ, ಇವತ್ತು ನೀವು ಹೋಗಿ."

"ಛೆ ಛೆ, ಹಾಗೆಲ್ಲ ಆಗಲ್ಲ. ನೀವು ಹೋಗಿ."

"ಇಲ್ಲ ಇಲ್ಲ, ನೀವೇ."

"ಹೋಗ್ರೀ!" ಎಂದು ಅರಚಿದಳು ಹೊಲಿಗೆಯಮ್ಮ. "ಹಿಂದಿನವರೆಲ್ಲ ಹೋಗಿ ಅಂತಿದ್ದಾರೆ!"

"ನೀವು ಈ ಕಡೆ ತಿರುಗಿದ್ದೀರಲ್ಲ ಅಕ್ಕಾ, ಹಿಂದಿನವರು ಹೇಳಿದ್ದು ಹೇಗೆ ಗೊತ್ತು?"

ಅವಳು ಗೋಡೆಗೆ ತಿರುಗುವಷ್ಟರಲ್ಲಿ ರೇಸು ಮುಗಿದಿತ್ತು. ಎರಡು ಕಾರುಗಳೂ ರಸ್ತೆಯಲ್ಲಿ ಅಕ್ಕಪಕ್ಕ ನಿಂತು ಇನ್ನೂ ಒಂದಕ್ಕೊಂದು ದಾರಿ ಬಿಡುತ್ತಿದ್ದವು. ಆ ಮಾತಿನಲ್ಲೇ ಡಾಕ್ಟರು ಇದೇ ಊರಿನವರು, ನಾಲ್ಕು ಬೀದಿ ಆಚೆ ಹಲ್ಲು ಕೀಳುವವರು ಎಂದು ಗೊತ್ತಾಯಿತು.

ಆಮೇಲೆ ಹೆಚ್ಚು ಭಾನುವಾರಗಳು ಉಳಿಯಲಿಲ್ಲ. ಡ್ರೈವರ ಎದೆ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಮಗಳು ಔಷಧಿ ತರಲು ಹೊರಗೆ ಹೋಗಿದ್ದಾಗ ಹೊಲಿಗೆಯಮ್ಮ ಪಕ್ಕದಲ್ಲಿ ಕೂತಿದ್ದಳು. ಅವರು ದಿಂಬಿನ ಮೇಲೆ ತಲೆ ಹೊರಳಿಸಿ ಬಾಗಿಲ ಕಡೆ ನೋಡಿದರು.

"ಹಿಂದೆ ಹೇಗಿದೆ ಅಕ್ಕಾ?"

"ಎಲ್ಲಾ ಬರ್ತಿದ್ದಾರೆ" ಎಂದಳು.

"ಹಾಂ. ಒಂದು ಕೆಲಸ ಆಗ್ಬೇಕು ನಿಮ್ಮಿಂದ. ನನ್ನನ್ನ ಒಯ್ಯೋ ದಿನ ನೀವು ಹಿಂದಿನ ಕಾರಲ್ಲಿ ಕೂತ್ಕೋಬೇಡಿ. ಮುಂದೆ, ಗಾಡೀಲೇ, ಡ್ರೈವರ್ ಪಕ್ಕ ಕೂತ್ಕೊಳ್ಳಿ. ಹೊಸ ಹುಡುಗ, ನಾನೇ ಕಲಿಸಿದ್ದು, ಕನ್ನಡಿ ನೋಡ್ಕೊಂಡೇ ಬರ್ತಾನೆ. ನೋಡೋಕೆ ಬಿಡ್ಬೇಡಿ. ಹಲ್ಲಿನ ಡಾಕ್ಟ್ರು ಬಂದೇ ಬರ್ತಾರೆ. ಮೊದಲು ಅವರ ಕಾರನ್ನ ಮುಂದೆ ಬಿಡಿಸಿ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಆಮೇಲೆ ಹಿಂದೆ ಹಾಕಿಸಿ."