ರೈಟ್ ಹಾಕದವಳು

ನಮ್ಮ ಆರೈಕೆ ಕೇಂದ್ರದಲ್ಲಿ ಹೊತ್ತು ತಪ್ಪದೆ ಕೆಲಸ ಮಾಡುತ್ತಿದ್ದ ಅವಳನ್ನು ಎಲ್ಲರೂ ಗಡಿಯಾರದಕ್ಕ ಎನ್ನುತ್ತಿದ್ದೆವು. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಮೈ ಹುಣ್ಣಾಗುತ್ತದೆ. ಅದಕ್ಕೆ ಇಬ್ಬರು ಬೇಕು. ಬದಲಿಸಿದ ಮೇಲೆ ಮಂಚಕ್ಕೆ ತೂಗುಹಾಕಿದ ಹಾಳೆಯಲ್ಲಿ ಆ ಹೊತ್ತಿನ ಚೌಕಕ್ಕೊಂದು ರೈಟ್ ಹಾಕಬೇಕು. ಮೇಲ್ವಿಚಾರಕ ಜನ ಕಡಿಮೆ ಮಾಡಿ ವಾರ್ಡಿಗೆ ಒಬ್ಬೊಬ್ಬರನ್ನೇ ಇಟ್ಟ. ಹಾಳೆ ಮಾತ್ರ ಹಾಗೇ ಉಳಿಯಿತು. ನಾವೆಲ್ಲ ಬೆಳಿಗ್ಗೆ ಬಂದ ಕೂಡಲೇ ಸಂಜೆಯವರೆಗಿನ ರೈಟುಗಳನ್ನು ಒಂದೇ ಉಸಿರಿಗೆ ಹಾಕಿ ಮುಗಿಸುತ್ತಿದ್ದೆವು. ಅದರಲ್ಲಿ ನಾನಂತೂ ಎತ್ತಿದ ಕೈ.

ಅಕ್ಕ ಹಾಗಲ್ಲ. ಒಬ್ಬಳಿಂದ ಆಗದ ಹೊತ್ತಿನ ಚೌಕವನ್ನು ಖಾಲಿ ಬಿಡುತ್ತಿದ್ದಳು.

"ಸುಮ್ನೆ ಒಂದು ಗೀಟು ಎಳೆದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ಹೊರಳಿಸಿಲ್ವಲ್ಲೇ," ಎಂದಳು. ಅಷ್ಟೇ. ನನಗೆ ಮೈಯೆಲ್ಲ ಉರಿಯಿತು.

ಕಿಟಕಿ ಪಕ್ಕದ ಮಂಚದಲ್ಲಿದ್ದ ಮುದುಕಿಗೆ ಸೊಂಟದಲ್ಲಿ ಹುಣ್ಣಾದಾಗ ಅಕ್ಕ ಸರ್ಕಾರದ ತಪಾಸಣಾ ಕಚೇರಿಗೆ ದೂರು ಬರೆದಳು, ಅದೂ ಸ್ವಂತ ಸಹಿ ಹಾಕಿ. ಹನ್ನೆರಡನೇ ದಿನ ಅವಳನ್ನು ಕರ್ತವ್ಯಲೋಪವೆಂದು ಕೆಲಸದಿಂದ ತೆಗೆದರು. ಸಾಕ್ಷಿ ಅವಳದೇ ಖಾಲಿ ಚೌಕಗಳು.

ನೋಡಲು ಮನೆಗೆ ಹೋದರೆ ಅವಳು ಕೂತಲ್ಲಿ ಕೂರಲಿಲ್ಲ. ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಮಧ್ಯಾಹ್ನ ಮಲಗಿದ್ದ ಗಂಡನನ್ನೂ ಹೊರಳಿಸಿದ್ದಳಂತೆ.

"ನಂಗಿನ್ನೂ ಆ ಕಾಲ ಬಂದಿಲ್ಲ ಅಂತ ಹೇಳಮ್ಮ ಇವಳಿಗೆ," ಎಂದು ಅವನು ನಗಿಸಲು ನೋಡಿದ.

ಅವಳು ನಗಲಿಲ್ಲ. "ನೋಡ್ಕೊಳ್ದೆ ಬಿಟ್ಟೋಳು ಅಂತ ಬರೆದಿದಾರೆ ಕಣೆ. ಇನ್ಯಾರು ನನ್ನ ಕೈಗೆ ಒಬ್ಬ ರೋಗೀನ ಕೊಡ್ತಾರೆ?"

ನನಗೆ ನಾಚಿಕೆಯಾಯಿತು. ಆದರೂ ಮರುದಿನ ಬೆಳಿಗ್ಗೆ ಎಂದಿನಂತೆ ಸಂಜೆಯವರೆಗಿನ ರೈಟು ಹಾಕಿದೆ.

ಅಕ್ಕ ಕೇಸು ಹಾಕಿದಳು. ವಿಚಾರಣೆಯ ದಿನ ಮೇಲ್ವಿಚಾರಕ ನನ್ನನ್ನು ತನ್ನ ಕಡೆಯ ಸಾಕ್ಷಿಯಾಗಿ ಕರೆದೊಯ್ದ. ಕೇಂದ್ರದ ವಕೀಲ, ಅಕ್ಕನ ರಜೆಯ ದಿನ ನಾನು ತುಂಬಿದ್ದ ಹಾಳೆ ಎತ್ತಿ ಹಿಡಿದು, "ಅದೇ ವಾರ್ಡು, ಅದೇ ಅಜ್ಜಿ. ಇವರು ಒಂದು ಸಲಾನೂ ತಪ್ಪಿಸಿಲ್ಲ ನೋಡಿ," ಎಂದ.

ನ್ಯಾಯಾಧೀಶೆ ಹಾಳೆಯನ್ನು ತಿರುಗಿಸಿ ನೋಡಿ ನನ್ನನ್ನು ಕೇಳಿದರು. "ಇದಕ್ಕೆ ಇಬ್ರು ಬೇಕಲ್ವಾ? ಆವತ್ತು ನಿಮ್ಮ ಜೊತೆ ಯಾರಿದ್ರು?"

ಯಾವುದೋ ಹೆಸರು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಮೇಲ್ವಿಚಾರಕ ಒಂದು ಹೆಸರು ಹೇಳಿಕೊಟ್ಟೂ ಇದ್ದ. ಅಕ್ಕ ನನ್ನ ಕಡೆ ನೋಡದೆ ಚೀಲದ ಹಿಡಿ ತಿರುವುತ್ತಿದ್ದಳು. ನನಗೆ ಮುಜುಗರವಾಗಬಾರದೆಂದೇ ನೋಡುತ್ತಿಲ್ಲ ಎಂದು ಹೊಳೆಯಿತು.

"ಯಾರೂ ಇರ್ಲಿಲ್ಲ," ಎಂದೆ. "ನಾನೂ ಹೊರಳಿಸ್ಲಿಲ್ಲ. ಬರೀ ರೈಟ್ ಹಾಕಿದೆ."

ಅಕ್ಕನಿಗೆ ಕೆಲಸ ವಾಪಸು ಸಿಕ್ಕಿತು. ವಾರ್ಡಿಗೆ ಇಬ್ಬರಾದರು. ಅದೇ ವಾರ ನನ್ನನ್ನು ತೆಗೆದ ಪತ್ರ ಬಂತು. ಹೊರಳಿಸದೆಯೇ ಹೊರಳಿಸಿದಂತೆ ದಾಖಲೆ ಬರೆದಳು ಎಂಬುದು ಕಾರಣ. ಅಕ್ಕ ಕೆಲಸ ಮುಗಿಸಿ ನೆಟ್ಟಗೆ ನಮ್ಮ ಮನೆಗೇ ಬಂದಳು.

"ಕೇಸ್ ಹಾಕೋಣ. ನಾನು ಬಂದು ಸಾಕ್ಷಿ ಹೇಳ್ತೀನಿ."

"ಏನಂತ ಹೇಳ್ತೀಯ?" ಎಂದೆ.

ಅವಳು ಪತ್ರವನ್ನು ಮತ್ತೆ ಮೊದಲಿನಿಂದ ಓದಿದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.